ಬಿಸಿಗೂ ಪ್ಲಾಸ್ಟಿಕ್ಕಿಗೂ ಆಗದು

ಮಳೆಗಾಲ ಬಂತೆಂದರೆ ಸುಳ್ಯ, ಕಡಬದ ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ಕಿನ ಲಂಗ. ಪುತ್ತೂರಿನ ಅಡಿಕೆ ತೋಟಗಳಲ್ಲಿ ಪೈಪು, ಅಂಗಳದಲ್ಲಿ ಟಾರ್ಪಾಲು. ಬಿಸಿಲು-ಮಳೆಗೆ ಇವು ಹರಿದು ಚಿಂದಿಯಾಗುತ್ತವೆ, ಚಿಂದಿ ಪುಡಿಯಾಗುತ್ತದೆ. ಕೊಳೆಯುವುದು ಮಾತ್ರ ಇಲ್ಲ. ಐದು ಮಿಲಿಮೀಟರಿಗಿಂತ ಸಣ್ಣದಾದ ಈ ಪುಡಿಯೇ ಮೈಕ್ರೋಪ್ಲಾಸ್ಟಿಕ್.

ಮಳೆನೀರಿನೊಂದಿಗೆ ಅದು ತೋಡಿಗಿಳಿದು ಪಯಸ್ವಿನಿಗೋ ಕುಮಾರಧಾರೆಗೋ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ಕೂಡಿಕೊಳ್ಳುವ ನೇತ್ರಾವತಿಯನ್ನು ಮಣಿಪಾಲದ ಸಂಶೋಧಕರು ಜಾಲಾಡಿದ್ದಾರೆ. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಒಂದು ಘನ ಮೀಟರ್ ನೀರಿನಲ್ಲಿ ಸರಾಸರಿ 288 ಕಣಗಳು!

ನಮ್ಮ ಹೊಟ್ಟೆಗೆ ಅದು ಹೊಳೆಯ ದಾರಿಯಿಂದಲೇ ಬರಬೇಕೆಂದಿಲ್ಲ. ಕಾಗದದ ಲೋಟವನ್ನೇ ನೋಡಿ. ಕಾಗದವೆಂಬುದು ಹೆಸರಿಗೆ, ನೀರು ಸೋರದಿರಲು ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಹಚ್ಚಿರುತ್ತಾರೆ. ಖರಗಪುರದ ಐಐಟಿಯವರು ಅಂಥ ಲೋಟಕ್ಕೆ 100 ಮಿಲಿಲೀಟರ್ ಬಿಸಿನೀರು ಹೊಯ್ದು 15 ನಿಮಿಷ ಬಿಟ್ಟಾಗ ಸುಮಾರು 25,000 ಕಣಗಳು ನೀರಿಗಿಳಿದಿದ್ದವು. ಜಾತ್ರೆಯಲ್ಲಿ ಎರಡು ಚಹಾ ಕುಡಿದವರು ಗುಣಾಕಾರ ಮಾಡಿಕೊಳ್ಳಬಹುದು.

ಇನ್ನು ಇಡ್ಲಿ. ಬಟ್ಟೆಯ ಬದಲು ಪ್ಲಾಸ್ಟಿಕ್ ಶೀಟ್ ಹಾಸಿ ಇಡ್ಲಿ ಬೇಯಿಸುವ ಹೊಸ ಚಾಳಿಯನ್ನು ರಾಜ್ಯದ ಆರೋಗ್ಯ ಇಲಾಖೆ ತಪಾಸಣೆ ಮಾಡಿದಾಗ 52 ಕಡೆ ಅದು ಸಿಕ್ಕಿಬಿತ್ತು. 2025ರ ಫೆಬ್ರವರಿಯಲ್ಲಿ ಸಚಿವ ದಿನೇಶ್ ಗುಂಡೂರಾವ್ ಅದಕ್ಕೆ ನಿಷೇಧ ಘೋಷಿಸಿದರು. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ಸೀಮೆಯವರಿಗೆ ಈ ಶೀಟಿನ ಉಪಯೋಗವೇ ಅರ್ಥವಾಗಲಾರದು.

ದೇಹದೊಳಗೆ ಹೋದದ್ದು ಏನು ಮಾಡುತ್ತದೆ? 2022ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು 22 ಆರೋಗ್ಯವಂತರ ರಕ್ತ ಪರೀಕ್ಷಿಸಿದರು. 17 ಮಂದಿಯಲ್ಲಿ ಪ್ಲಾಸ್ಟಿಕ್ ಇತ್ತು. ಇಟಲಿಯ ವೈದ್ಯರು 2024ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕತ್ತಿನ ರಕ್ತನಾಳದ ಶಸ್ತ್ರಚಿಕಿತ್ಸೆಗೊಳಗಾದ 257 ರೋಗಿಗಳಲ್ಲಿ 150 ಮಂದಿಯ ಕೊಬ್ಬಿನ ಪದರದಲ್ಲಿ ಪಾಲಿಥೀನ್ ಇತ್ತು. ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಪ್ಲಾಸ್ಟಿಕ್ ಸಿಕ್ಕವರಲ್ಲಿ ಸಿಗದವರಿಗಿಂತ ನಾಲ್ಕೂವರೆ ಪಟ್ಟು ಇತ್ತು. ಪ್ಲಾಸ್ಟಿಕ್ಕೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಎರಡೂ ಜೊತೆಗಿದ್ದವು ಎಂದಷ್ಟೇ ಹೇಳಬಹುದು. ವಿಜ್ಞಾನದ ವಿದ್ಯಾರ್ಥಿಗಳು ಈ ವ್ಯತ್ಯಾಸ ಮರೆಯಬಾರದು. ಪ್ರಯೋಗಾಲಯದ ಜೀವಕೋಶಗಳಲ್ಲೂ ಇಲಿಗಳಲ್ಲೂ ಈ ಕಣಗಳು ಉರಿಯೂತ ತಂದದ್ದಂತೂ ದಾಖಲಾಗಿದೆ.

ಪೂರ್ಣ ಉತ್ತರ ಬರುವತನಕ ಬಿಸಿಯನ್ನೂ ಪ್ಲಾಸ್ಟಿಕ್ಕನ್ನೂ ದೂರವಿಡುವುದಕ್ಕೆ ಖರ್ಚೇನೂ ಇಲ್ಲ. ಮಕ್ಕಳ ಬುತ್ತಿಗೆ ಸ್ಟೀಲ್ ಡಬ್ಬಿ ಇರಲಿ, ಹೋಟೆಲಿನ ಬಿಸಿ ಸಾಂಬಾರಿಗೆ ತೊಟ್ಟೆಯ ಬದಲು ಮನೆಯಿಂದಲೇ ಪಾತ್ರೆ ಹೋಗಲಿ. ಹರಿದ ಟಾರ್ಪಾಲನ್ನು ತೋಟದ ಮೂಲೆಗೆಸೆದು ಬಿಡುವುದಾಗಲಿ, ಬಚ್ಚಲೊಲೆಗೆ ತುರುಕುವುದಾಗಲಿ ಬೇಡ. ಉರಿದಾಗ ಏಳುವ ಹೊಗೆ ಬೇರೆಯೇ ವಿಷ.