ಚಿಲ್ಲರೆ ಮಗುವೇ ಎಣಿಸಲಿ

ನಮ್ಮ ರಿಚರ್ಡ್ಸ್ ಟೌನ್ ಪಾರ್ಕಿನ ಬೆಂಚಿನಲ್ಲಿ ಸಂಜೆ ಅಜ್ಜಂದಿರ ಮಾತು ಒಂದೇ: "ಮೊಮ್ಮಗ ಲೆಕ್ಕದಲ್ಲಿ ಹಿಂದೆ, ಟ್ಯೂಷನ್‌ಗೆ ಹಾಕಿದ್ದೇವೆ." ಆರು ವರ್ಷದ ಮಗುವಿಗೂ ಟ್ಯೂಷನ್ನೇ?

ನನ್ನ ಮೊಮ್ಮಗಳು ಎರಡನೇ ಕ್ಲಾಸು. ಕಳೆಯುವ ಲೆಕ್ಕ ಎಂದರೆ ಕಣ್ಣಲ್ಲಿ ನೀರು. ಒಂದು ದಿನ "ನಾನು ದಡ್ಡಿ ತಾತ" ಅಂದುಬಿಟ್ಟಳು. ಬ್ಯಾಂಕಿನಲ್ಲಿ ನೋಟು ಎಣಿಸಿ ಬದುಕಿದವನಿಗೆ ಆ ಮಾತು ಚುಚ್ಚಿತು. ಪುಸ್ತಕ ಮುಚ್ಚಿಸಿ ತರಕಾರಿ ಗಾಡಿಗೆ ಕರೆದೊಯ್ದೆ. 50 ರೂಪಾಯಿ ಅವಳ ಕೈಗೇ ಕೊಟ್ಟೆ. ಟೊಮೆಟೊ, ಕೊತ್ತಂಬರಿ ಸೇರಿ 32. ಚಿಲ್ಲರೆ ಎಷ್ಟು ಬರಬೇಕು? 32ರಿಂದ ಮುಂದಕ್ಕೆ ಬೆರಳು ಮಡಚಿದಳು. 40ಕ್ಕೆ ಎಂಟು, ಮೇಲೆ ಹತ್ತು, ಹದಿನೆಂಟು! ಗಾಡಿಯವರೂ ಕಾದರು, ಪುಣ್ಯಾತ್ಮರು. ಕಷ್ಟವೆಲ್ಲ ನನಗೇ, ಬಾಯಿಗೆ ಬಂದ ಉತ್ತರ ನುಂಗಿಕೊಳ್ಳುವುದು.

1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ 'ನಲಿ-ಕಲಿ'ಯದೂ ಇದೇ ದಾರಿ. ಕಾರ್ಡುಗಳು, ಕಲಿಕೆಯ ಏಣಿ. ಒಂದು ಮೆಟ್ಟಿಲು ಬಂದ ಮೇಲೆ ಇನ್ನೊಂದು. ಪಕ್ಕದ ಮಗು ಎಷ್ಟು ಮೇಲಿದೆ ಎಂಬ ಚಿಂತೆಯಿಲ್ಲ.

ಮಗು ತಪ್ಪಿದರೆ ತಿದ್ದುವ ಮೊದಲು "ಹೇಗೆ ಎಣಿಸಿದೆ ಪುಟ್ಟಾ?" ಎಂದು ಕೇಳಿ. ಎಡವಿದ ಜಾಗ ಅದಕ್ಕೇ ಸಿಗುತ್ತದೆ.

ಈಗ ಮನೆಯ ಹಾಲು, ತರಕಾರಿ ಲೆಕ್ಕ ಅವಳದೇ, ನನ್ನ ಹಳೇ ಡೈರಿಯಲ್ಲಿ. ಮೊನ್ನೆ ಎರಡು ರೂಪಾಯಿ ತಾಳೆಯಾಗಲಿಲ್ಲವೆಂದು ಊಟಕ್ಕೆ ಕರೆದರೂ ಏಳಲಿಲ್ಲ.