ಮೀನಿನ ರುಚಿಯೂ ಮೀನಿನ ಪುಷ್ಟಿಯೂ

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲುಗಳ ಮೇಲೆ ನಿಂತು ಮೀನುಗಳಿಗೆ ಒಂದು ಹಿಡಿ ಪುರಿಯನ್ನು ಎರಚದೆ ಹಿಂದಿರುಗುವುದು ಅಪೂರ್ವ. ಪುರಿ ನೀರಿಗೆ ಬಿದ್ದೊಡನೆಯೇ ನೂರಾರು ಬಾಯಿಗಳು ಮೇಲಕ್ಕೆ ಬರುವುವು. ಇಷ್ಟು ಆಸೆಯಿಂದ ತಿನ್ನುವ ಪ್ರಾಣಿಗೆ ಅದೇ ತಕ್ಕ ಆಹಾರವಾಗಿರಬೇಕೆಂದು ನೋಡುವವರು ಸಹಜವಾಗಿ ಊಹಿಸುವರು. ಆದರೆ ಪುರಿಯಲ್ಲಿರುವುದು ಬಹುಮಟ್ಟಿಗೆ ಪಿಷ್ಟ. ಅದರಿಂದ ಮೀನಿನ ಹೊಟ್ಟೆ ತುಂಬಬಹುದೇ ಹೊರತು ಮೈ ಬೆಳೆಯಲಾರದು. ತುಂಗೆಯ ಮೀನು ತನಗೆ ಬೇಕಾದ ಬೇರೆ ಆಹಾರವನ್ನು ಹೊಳೆಯಲ್ಲಿ ಹುಡುಕಿಕೊಳ್ಳಬಲ್ಲುದು. ಕೊಳದಲ್ಲಿ ಒತ್ತೊತ್ತಾಗಿ ಸಾಕಿದ ಮೀನಿಗೆ ಆ ಸ್ವಾತಂತ್ರ್ಯವಿಲ್ಲ. ಸಾಕಿದವನು ಹಾಕಿದ್ದೇ ಅದಕ್ಕೆ ಬಹುಪಾಲು ಗತಿ. ಸಾಕಿದವನ ಗತಿಯೂ ಅದರಲ್ಲಿಯೇ ಇದೆ. ಏಕೆಂದರೆ ಮೀನು ಸಾಕುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಆಹಾರಕ್ಕೇ ಹೋಗುವುದು.

ಕೇಳುತ್ತಿರುವವರಲ್ಲಿ ಮೀನನ್ನು ಮುಟ್ಟದವರು ಅನೇಕರಿದ್ದಾರೆಂಬುದನ್ನು ಬಲ್ಲೆ. ಮಾತು ಬಾರದ ಒಂದು ಪ್ರಾಣಿಯ ಹಸಿವನ್ನು ಮನುಷ್ಯನು ಹೇಗೆ ಅರಿತುಕೊಂಡನೆಂಬ ಕಥೆಯೆಂದು ಭಾವಿಸಿ ಅವರೂ ಇದನ್ನು ಆಲಿಸಬಹುದು.

ಹೊಟ್ಟೆಯೆಂದು ಈಗತಾನೆ ಹೇಳಿದೆನಷ್ಟೆ. ವಾಸ್ತವವಾಗಿ ಗೆಂಡೆಯ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವೆಲ್ಲವೂ ಈ ಜಾತಿಗೆ ಸೇರಿದವು. ಇವು ನುಂಗಿದ್ದು ಗಂಟಲಿನಿಂದ ನೇರವಾಗಿ ಕರುಳಿಗೆ ಇಳಿಯುವುದು. ಹುಲಿಯಂತೆ ಒಮ್ಮೆಗೇ ಉಂಡು ಎರಡು ದಿನ ಮಲಗುವ ಅನುಕೂಲ ಇವಕ್ಕಿಲ್ಲ. ಹಸುವಿನಂತೆ ಸ್ವಲ್ಪಸ್ವಲ್ಪವಾಗಿ ಮೇಯುತ್ತಲೇ ಇರಬೇಕು. ಆಂಧ್ರದ ಕೊಲ್ಲೇರು ಸರೋವರದ ಸುತ್ತಿನ ಸಾಕಣೆಗಾರರು ಇದನ್ನು ಚೆನ್ನಾಗಿ ಉಪಯೋಗಿಸಿಕೊಂಡಿದ್ದಾರೆ. ಅವರು ತೂತುಗಳುಳ್ಳ ಚೀಲಗಳಲ್ಲಿ ತೌಡನ್ನೂ ಹಿಂಡಿಯನ್ನೂ ತುಂಬಿ ಕೊಳದಲ್ಲಿ ನೆಟ್ಟ ಗಳುಗಳಿಗೆ ಕಟ್ಟುವರು. ಮೀನು ಬೇಕಾದಾಗ ಬಂದು ಚೀಲವನ್ನು ಕುಕ್ಕಿ ತಿಂದುಹೋಗುವುದು.

ಇನ್ನು ರುಚಿಯ ವಿಷಯ. ನಮಗೆ ರುಚಿ ನಾಲಗೆಯಲ್ಲಿದೆ. ಗೆಂಡೆಗೆ ತುಟಿಗಳಲ್ಲಿ, ಅಂಗುಳಿನಲ್ಲಿ, ಬಾಯಿಯ ಪಕ್ಕದ ಮೀಸೆಗಳಲ್ಲಿಯೂ ರುಚಿಯ ಮೊಗ್ಗುಗಳಿವೆ. ಕೆಸರಿನೊಡನೆ ಬಾಯಿಗೆ ಎಳೆದುಕೊಂಡುದರಲ್ಲಿ ತಿನ್ನತಕ್ಕದ್ದನ್ನು ಉಳಿಸಿಕೊಂಡು ಮಿಕ್ಕುದನ್ನು ಅದು ಉಗುಳಿಬಿಡುವುದು. ಮೀನು ಆಹಾರವನ್ನು ಬಾಯಿಗೆ ತೆಗೆದುಕೊಂಡಿತೆಂದರೆ ತಿಂದಿತೆಂದು ಅರ್ಥವಲ್ಲ. ಕಣ್ಣಿಗೆ ಕಾಣದ ಕೆಸರು ನೀರಿನಲ್ಲಿ ಅದಕ್ಕೆ ದಾರಿ ತೋರಿಸುವುದು ನೀರಿನಲ್ಲಿ ಕರಗಿ ಹರಡುವ ಪದಾರ್ಥಗಳು. ಗ್ಲೈಸೀನ್, ಅಲನೀನ್, ಪ್ರೋಲೀನ್ ಎಂಬ ಅಮೈನೋ ಆಮ್ಲಗಳೂ, ಸಿಗಡಿಯಲ್ಲಿಯೂ ಕಪ್ಪೆಚಿಪ್ಪಿನ ಮಾಂಸದಲ್ಲಿಯೂ ಬೀಟ್ ಗಡ್ಡೆಯಲ್ಲಿಯೂ ಇರತಕ್ಕ ಬೀಟೇನ್ ಎಂಬ ವಸ್ತುವೂ ಅನೇಕ ಮೀನುಗಳ ಹಸಿವನ್ನು ಕೆರಳಿಸುವುವು. ಎಲ್ಲ ಮೀನುಗಳ ರುಚಿಯೂ ಒಂದೇ ಅಲ್ಲ. ಒಂದು ಜಾತಿ ಬಯಸುವುದನ್ನು ಇನ್ನೊಂದು ಜಾತಿ ಉಗುಳಬಹುದು.

ರುಚಿಯೂ ಪುಷ್ಟಿಯೂ ಒಟ್ಟಿಗೆ ಇದ್ದ ಪದಾರ್ಥವೆಂದರೆ ಸಣ್ಣ ಕಡಲ ಮೀನುಗಳನ್ನು ಬೇಯಿಸಿ ಒಣಗಿಸಿ ಮಾಡಿದ ಮೀನುಪುಡಿ. ಬಹುಕಾಲ ಜಗತ್ತು ಅದನ್ನೇ ನಂಬಿತ್ತು. 1972ರಲ್ಲಿ ಪೆರು ದೇಶದ ಕರಾವಳಿಯಲ್ಲಿ ಅತಿಯಾದ ಹಿಡಿತವೂ ಕಡಲ ನೀರು ಬೆಚ್ಚಗಾದುದೂ ಸೇರಿ ಆಂಚೋವೆಟಾ ಎಂಬ ಮೀನಿನ ಬೆಳೆ ಕುಸಿದುಹೋಯಿತು. ಆಗ ಈ ನಂಬಿಕೆಯ ಬೆಲೆ ಎಲ್ಲರಿಗೂ ತಿಳಿಯಿತು. ನಾರ್ವೆಯಲ್ಲಿ 1990ರಲ್ಲಿ ಸಾಲ್ಮನ್ ಮೀನಿನ ಆಹಾರದಲ್ಲಿ ನೂರಕ್ಕೆ ಸುಮಾರು 90 ಭಾಗ ಕಡಲಿನಿಂದ ಬಂದುದಾಗಿತ್ತು. 2013ರ ವೇಳೆಗೆ ಅದು ಸುಮಾರು 30 ಭಾಗಕ್ಕೆ ಇಳಿದು, ಉಳಿದುದನ್ನು ಸೋಯಾ ಮೊದಲಾದ ಸಸ್ಯಪದಾರ್ಥಗಳು ತುಂಬಿದುವು. ಸಸ್ಯಾಹಾರ ಹೆಚ್ಚಿದಂತೆ ಮೀನು ಮುಖ ತಿರುಗಿಸುವುದುಂಟು. ಆದುದರಿಂದ ಕ್ರಿಲ್ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಪುಡಿಯನ್ನೋ ಮತ್ತಾವುದಾದರೂ ರುಚಿದ್ರವ್ಯವನ್ನೋ ಸ್ವಲ್ಪ ಬೆರೆಸುವ ಪದ್ಧತಿ ಬಂದಿತು. ನಾವು ಸಾರಿಗೆ ಒಗ್ಗರಣೆ ಹಾಕುವಂತೆ ಎನ್ನಬಹುದು. ಒಗ್ಗರಣೆ ಬೇಳೆಯ ಕೆಲಸ ಮಾಡದೆಂಬುದನ್ನೂ ಜೊತೆಗೇ ನೆನೆಯಬೇಕು. ಬೆಳೆದ ಗೆಂಡೆಗೆ ಆಹಾರದಲ್ಲಿ ನೂರಕ್ಕೆ 25ರಿಂದ 30 ಭಾಗ ಸಸಾರಜನಕ, ಎಂದರೆ ಪ್ರೋಟೀನು, ಬೇಕು. ಮರಿಗೆ 40ರ ಸಮೀಪ. ಅದಿಲ್ಲದೆ ಬರಿಯ ರುಚಿಯಿಂದ ಮೈ ಬೆಳೆಯದು.

ಮೀನುಪುಡಿಗೆ ಬದಲಾಗಿ ಸಲ್ಲಬಹುದಾದ ವಸ್ತುವೊಂದು ನಮ್ಮ ನಾಡಿನಲ್ಲಿಯೇ ಹೇರಳವಾಗಿದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆಯ ಬಿಚ್ಚಾಣಿಕೆ ನಡೆಯುವ ಬೀದಿಗಳಲ್ಲಿ ನಡೆದವರಿಗೆ ಅದರ ವಾಸನೆಯನ್ನು ಬಣ್ಣಿಸಬೇಕಾಗಿಲ್ಲ. ಗೂಡನ್ನು ಬಿಸಿನೀರಿಗೆ ಹಾಕಿ ಎಳೆಯನ್ನು ಸುತ್ತಿಕೊಂಡ ಮೇಲೆ ಒಳಗಿನ ಸತ್ತ ಹುಳು, ಎಂದರೆ ಪ್ಯೂಪ, ಉಳಿಯುವುದು. ಒಣಗಿದ ಪ್ಯೂಪದಲ್ಲಿ ಸುಮಾರು ಅರ್ಧ ಸಸಾರಜನಕ, ಸುಮಾರು ಕಾಲುಭಾಗ ಎಣ್ಣೆ. 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜಿನ ವಿದ್ವಾಂಸರು ಮೀನುಪುಡಿಯ ಸ್ಥಾನದಲ್ಲಿ ಇದನ್ನು ಸೇರಿಸಿ ಸಾಮಾನ್ಯ ಗೆಂಡೆಗೆ ತಿನ್ನಿಸಿ ನೋಡಿದರು. ಬೆಳವಣಿಗೆ ಕುಗ್ಗಲಿಲ್ಲವೆಂದು 1990ರಲ್ಲಿ ಪ್ರಕಟಿಸಿದರು. ಪಟ್ಟೆಸೀರೆಯ ಉಳಿಕೆಯಿಂದ ಮೀನು ಬೆಳೆಯಿತೆಂಬುದು ಸಂತೋಷದ ಸಂಗತಿಯೇ.

ಆದರೆ ಈ ದಾರಿಯನ್ನು ನಮಗಿಂತ ಬಹು ಮುಂಚೆ ತುಳಿದವರು ಜಪಾನೀಯರು. ರೇಷ್ಮೆಗೂ ಗೆಂಡೆಗೂ ಹೆಸರಾದ ಅಲ್ಲಿಯ ನಗಾನೊ ಪ್ರಾಂತದಲ್ಲಿ ಪ್ಯೂಪವೇ ಮೀನಿನ ಮುಖ್ಯ ಆಹಾರವಾಗಿತ್ತು. ಅದರ ಆಕರ್ಷಣೆ ಎಷ್ಟೆಂದರೆ ಗಾಳ ಹಾಕುವವರು ಗೆಂಡೆಯನ್ನು ಸೆಳೆಯುವುದಕ್ಕೆ ಅದರ ಪುಡಿಯನ್ನೇ ಬೆರೆಸುವರು. ಹೀಗಿದ್ದರೂ ಕೊಳಗಳಲ್ಲಿ ಒಂದು ವಿಚಿತ್ರವಾದ ರೋಗ ಕಾಣಿಸಿಕೊಂಡಿತು. ಮೀನಿನ ಬೆನ್ನಿನ ಮಾಂಸ ಕರಗಿ, ಬೆನ್ನು ಅಲಗಿನಂತೆ ತೆಳುವಾಗುತ್ತಿದ್ದಿತು. ಜಪಾನೀ ಭಾಷೆಯಲ್ಲಿ ಇದಕ್ಕೆ ‘ಸೆಕೊಕೆ’ ಎಂದು ಹೆಸರು. ಕೆಲವು ಮೀನುಗಳ ರಕ್ತದಲ್ಲಿ ಸಕ್ಕರೆ ಏರಿ, ಮನುಷ್ಯರ ಸಿಹಿಮೂತ್ರರೋಗದಂಥ ಲಕ್ಷಣಗಳೂ ತೋರಿದುವು. ಪರೀಕ್ಷಿಸಲಾಗಿ, ತಪ್ಪು ಪ್ಯೂಪದ್ದಲ್ಲ. ಕೂಡಿಟ್ಟ ಪ್ಯೂಪದಲ್ಲಿ ಕಮಟು ಹಿಡಿದ ಎಣ್ಣೆಯದು. 1960ರ ದಶಕದ ಪ್ರಯೋಗಗಳಲ್ಲಿ, ಕಮಟು ಎಣ್ಣೆ ತಿಂದ ಮೀನುಗಳಿಗೂ ‘ಇ’ ಜೀವಸತ್ವವನ್ನು ಸಾಕಷ್ಟು ಕೊಟ್ಟಾಗ ಮಾಂಸ ಕರಗುವುದು ತಪ್ಪಿತು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಈಚೆಗೆ ಮೀನಿನ ಹಸಿವನ್ನು ಹೆಚ್ಚಿಸುವುವೆಂದು ಬಗೆಬಗೆಯ ಪುಡಿಗಳು ಪೊಟ್ಟಣಗಳಲ್ಲಿ ಮಾರಾಟಕ್ಕೆ ಬರುತ್ತಿವೆ. ಅವುಗಳಲ್ಲಿ ಕೆಲವಕ್ಕೆ ಗುಣವಿಲ್ಲದಿಲ್ಲ. ಆದರೂ ಕೆರೆಯನ್ನು ಗುತ್ತಿಗೆ ಹಿಡಿದ ಬಡವನು ನನ್ನನ್ನು ಕೇಳಿದರೆ, ಮೊದಲು ಹಿಂಡಿಯ ಮೂಟೆಯನ್ನು ಬಿಚ್ಚಿ ಮೂಸಿ ನೋಡೆಂದು ಹೇಳುವೆನು. ತೇವ ತಗಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು. 1960ರಲ್ಲಿ ಅಮೆರಿಕದ ಮರಿಕೇಂದ್ರಗಳಲ್ಲಿ ಟ್ರೌಟ್ ಮೀನುಗಳಿಗೆ ಯಕೃತ್ತಿನ ಅರ್ಬುದರೋಗ ಹರಡಿತು. ಹತ್ತಿಬೀಜದ ಹಿಂಡಿಯಲ್ಲಿದ್ದ ಇದೇ ವಿಷ ಅದಕ್ಕೆ ಕಾರಣವೆಂದು ಅನಂತರ ಗೊತ್ತಾಯಿತು. ಹಿಂಡಿಯೆಲ್ಲ ಒಂದೇ ಎಂದು ಎಣಿಸುವುದೂ ಅಪಾಯ. ಹಿಪ್ಪೆಯ ಹಿಂಡಿ ಮೀನನ್ನು ಕೊಲ್ಲುವುದು. ಮರಿ ಬಿಡುವ ಮುನ್ನ ಕೊಳದಲ್ಲಿರುವ ಹಿಂಸ್ರ ಮೀನುಗಳನ್ನು ನಿವಾರಿಸುವುದಕ್ಕೆ ಅದನ್ನೇ ಹಾಕುವರು. ಸೋಯಾ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡಿಮಾಡುವ ಪದಾರ್ಥವಿದೆ. ಅದು ಕಾಯಿಸಿದರೆ ನಾಶವಾಗುವುದು. ಪ್ಯೂಪವನ್ನಾದರೋ ಹಳಸುವ ಮೊದಲೇ ಒಣಗಿಸಬೇಕು. ಎಣ್ಣೆ ತೆಗೆದು ಕೂಡಿಟ್ಟರೆ ಇನ್ನೂ ಕ್ಷೇಮ.

ತಿನ್ನುವುದೆಂದು ಹೆಚ್ಚು ಹಾಕುವುದು ಇನ್ನೊಂದು ಬಗೆಯ ಮೋಸ. ಮಿಕ್ಕ ಆಹಾರ ತಳದಲ್ಲಿ ಕೊಳೆತು ಪಾಚಿಯನ್ನು ಬೆಳೆಸುವುದು. ಕೊಳೆಯುವ ವಸ್ತುವೂ ಪಾಚಿಯೂ ರಾತ್ರಿಯೆಲ್ಲ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುವುವು. ವರ್ಷವೆಲ್ಲ ಸಾಕಿದ ಮೀನು ಒಂದೇ ಬೆಳಗಿನ ಜಾವದಲ್ಲಿ ಹೊಟ್ಟೆ ಮೇಲಾಗಿ ತೇಲುವುದು ಹೀಗೆಯೇ. ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಆಹಾರದ ಒಂದು ಪಾಲನ್ನು ತಟ್ಟೆಯಲ್ಲಿಟ್ಟು ಹಗ್ಗದಿಂದ ನೀರಿಗಿಳಿಸಿ, ಎರಡು ಗಂಟೆಯ ಅನಂತರ ಎತ್ತಿ ನೋಡಬೇಕು. ಬರಿದಾಗಿದ್ದರೆ ಮರುದಿನ ಸ್ವಲ್ಪ ಹೆಚ್ಚಿಸಬಹುದು. ಉಳಿದಿದ್ದರೆ ಕಡಿಮೆ ಮಾಡಬೇಕು. ಮೋಡ ಕವಿದ ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಶೃಂಗೇರಿಯ ಮೀನುಗಳ ಆಸೆಯಲ್ಲ, ಉಸಿರಿಗಾಗಿ ಪಡುವ ಸಂಕಟ. ಆ ದಿನ ಚೀಲವನ್ನು ಬಿಚ್ಚದೆ, ಹೊಸ ನೀರನ್ನು ಹಾಯಿಸಬೇಕು.