ಎದೆ ಆಪರೇಷನ್ ಆದಮೇಲೆ ಕಿಡ್ನಿ: ನಂಬಿಕೆ ಯಾವುದು, ನಿಜ ಯಾವುದು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಯಾರಿಗಾದರೂ ಹೃದಯದ ತೊಂದರೆ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ. ಬೈಪಾಸ್ ಮಾಡಿಸಿಕೊಂಡೋ ವಾಲ್ವ್ ಹಾಕಿಸಿಕೊಂಡೋ ಊರಿಗೆ ಮರಳಿದವರನ್ನು ನೋಡಲು ಬರುವ ನೆಂಟರು ಹಣ್ಣಿನ ಜೊತೆ ಸಲಹೆಯನ್ನೂ ತರುತ್ತಾರೆ. ಪ್ರೀತಿಯಿಂದಲೇ ಹೇಳುವ ಆ ಮಾತುಗಳಲ್ಲಿ ಕೆಲವು ಕಿಡ್ನಿಗೆ ಮುಳುವಾಗುತ್ತವೆ.

“ಆಪರೇಷನ್ ಆಗಿದ್ದು ಹೃದಯಕ್ಕೆ, ಕಿಡ್ನಿಗೇನಾಗುತ್ತೆ?” ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಹೋಗುವುದು ಕಿಡ್ನಿಗಳಿಗೆ. ಆಪರೇಷನ್ ಹೊತ್ತಿನಲ್ಲಿ ಯಂತ್ರದ ಮೂಲಕ ರಕ್ತ ಹರಿದು, ಬಿಪಿ ಇಳಿದು, ಕೆಂಪು ರಕ್ತಕಣಗಳು ಒಡೆದಾಗ ಕಿಡ್ನಿಗಳು ಬೇಗ ಸೊರಗುತ್ತವೆ. 2024ರಲ್ಲಿ ಪ್ರಕಟವಾದ ‘ಪ್ರೊಟೆಕ್ಷನ್’ ಅಧ್ಯಯನದಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡ ಮೂರು ದೇಶಗಳ 3,511 ರೋಗಿಗಳಿದ್ದರು. ಕಿಡ್ನಿ ಕಾಪಾಡಲೆಂದು ಅಮೈನೋ ಆಮ್ಲದ ಡ್ರಿಪ್ ಪಡೆದವರಲ್ಲಿ ಶೇ. 26.9, ಪಡೆಯದವರಲ್ಲಿ ಶೇ. 31.7 ಮಂದಿಯ ಕಿಡ್ನಿಗೆ ಪೆಟ್ಟಾಗಿತ್ತು. ಹೆಚ್ಚಿನವರದು ಚೇತರಿಸಿಕೊಳ್ಳುವಂಥ ಸಣ್ಣ ಪೆಟ್ಟು. ಆದರೆ ಇನ್ನೂ ಸುಧಾರಿಸಿಕೊಳ್ಳುತ್ತಿರುವ ಕಿಡ್ನಿಗೆ ಮನೆಯಲ್ಲಿ ಎರಡನೇ ಪೆಟ್ಟು ಬೀಳಬಾರದು.

ನನಗೆ ಹೆಚ್ಚು ಭಯವಿರುವುದು ನೋವಿನ ಮಾತ್ರೆಯ ಬಗ್ಗೆ. ಸೀಳಿದ ಎದೆಮೂಳೆ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು, ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲೂ ನೋಯುತ್ತದೆ. ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಯಲ್ಲಿ ದಿನವಿಡೀ ನಿಂತವರಿಗೆ, ಬೊಂಬೆ ಕಡೆಯುವ ಲೇತ್ ಮುಂದೆ ಕೂತವರಿಗೆ ಮೆಡಿಕಲ್ ಶಾಪ್‌ನ ಆ ಮಾತ್ರೆ ಹೊಸದೂ ಅಲ್ಲ. “ಒಂದು ಮಾತ್ರೆ ಏನು ಮಾಡೀತು?” ಎನ್ನುತ್ತಾರೆ. ರಕ್ತದ ಹರಿವು ಕಡಿಮೆಯಾದಾಗ ಕಿಡ್ನಿ ತನ್ನ ರಕ್ತನಾಳಗಳನ್ನು ತಾನೇ ಹಿಗ್ಗಿಸಿಕೊಂಡು ಉಳಿಯುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಆ ಶಕ್ತಿಯನ್ನೇ ಕಿತ್ತುಕೊಳ್ಳುತ್ತವೆ. ಮೈಯ ನೀರು ಇಳಿಸುವ ಮಾತ್ರೆ, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೋಫೆನಾಕ್ ಬೆರೆತಿರುತ್ತದೆ, ಆದ್ದರಿಂದ ಮಾತ್ರೆ ಹಾಳೆಯ ಹಿಂಬದಿ ಓದಿಸಿಯೇ ಕೊಳ್ಳಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಬರೀ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಇದನ್ನು ಕೇಳಿ ಹೃದಯಕ್ಕೆಂದು ಬರೆದುಕೊಟ್ಟ ಸಣ್ಣ ಡೋಸಿನ ಆಸ್ಪಿರಿನ್ ಮಾತ್ರ ನಿಲ್ಲಿಸಬೇಡಿ.

“ಚೆನ್ನಾಗಿ ನೀರು ಕುಡಿ, ಎಳನೀರು ಕುಡಿ, ಕಿಡ್ನಿ ತೊಳೆದುಹೋಗುತ್ತೆ.” ಕಿಡ್ನಿಯಲ್ಲಿ ಕಲ್ಲಾದವರಿಗೆ ಹೇಳುವ ಮಾತನ್ನು ಎಲ್ಲರಿಗೂ ಹೇಳಿಬಿಡುತ್ತೇವೆ. ಹೃದಯ ಬಲಹೀನವಾಗಿದ್ದರೆ ಕುಡಿದ ನೀರು ಕಾಲಲ್ಲೂ ಶ್ವಾಸಕೋಶದಲ್ಲೂ ನಿಲ್ಲುತ್ತದೆ, ಅದಕ್ಕೇ ಡಿಸ್ಚಾರ್ಜ್ ಚೀಟಿಯಲ್ಲಿ ಕೆಲವರಿಗೆ ದಿನಕ್ಕಿಷ್ಟೇ ಎಂದು ಬರೆದಿರುವುದು. ಎಳನೀರಿನಲ್ಲಿ 100 ಮಿ.ಲೀ.ಗೆ ಸುಮಾರು 250 ಮಿ.ಗ್ರಾಂ ಪೊಟ್ಯಾಸಿಯಂ ಇದೆ. ಕಿಡ್ನಿ ಸೋತಿದ್ದಾಗ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲೂ ಇರುವುದು ಪೊಟ್ಯಾಸಿಯಂ. 2025ರಲ್ಲಿ ಅಂಥ ಉಪ್ಪನ್ನು ಶಿಫಾರಸು ಮಾಡಿದಾಗ ವಿಶ್ವ ಆರೋಗ್ಯ ಸಂಸ್ಥೆ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟಿತು. ಮಾಮೂಲಿ ಉಪ್ಪನ್ನೇ ಸಾರಿಗೆ ಕಡಿಮೆ ಹಾಕಿ, ಉಪ್ಪಿನಕಾಯಿ ಬಿಡಿ.

“ಬಿಪಿ ಮಾತ್ರೆಯಿಂದಲೇ ಕಿಡ್ನಿ ಹಾಳಾಗೋದು” ಎಂದು ಬಿಟ್ಟುಬಿಡುವವರಿದ್ದಾರೆ. ಹಾಳು ಮಾಡುವುದು ಹತೋಟಿ ತಪ್ಪಿದ ಬಿಪಿ ಮತ್ತು ಸಕ್ಕರೆ. ಆದರೆ ವಾಂತಿ-ಭೇದಿ ಶುರುವಾದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಕೆಲವು ಮಾತ್ರೆಗಳನ್ನು ಆಗ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು.

“ಮೂತ್ರ ಚೆನ್ನಾಗಿ ಹೋಗ್ತಿದೆ, ಇನ್ನೇನು?” ಎಂಬ ಸಮಾಧಾನವೂ ಸಾಲದು. ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವವರೆಗೂ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಸಂಖ್ಯೆ ಕೂಡ ಸರಿಯಿರುವಂತೆ ಕಾಣಬಹುದು. ಆಪರೇಷನ್‌ಗೆ ಮುಂಚಿನ ಸಂಖ್ಯೆ, ಡಿಸ್ಚಾರ್ಜ್ ದಿನದ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಂಡರೆ ಮುಂದಿನ ವರದಿಯನ್ನು ಹೋಲಿಸಬಹುದು.

ಡಯಾಲಿಸಿಸ್ ಎಂದ ಕೂಡಲೇ ಮನೆಯವರು ಅತ್ತುಬಿಡುತ್ತಾರೆ, ಒಮ್ಮೆ ಹಾಕಿದರೆ ಜೀವನಪೂರ್ತಿ ಎಂದು ಬೇಡ ಎನ್ನುವವರೂ ಇದ್ದಾರೆ. ದಯವಿಟ್ಟು ಹಾಗೆ ಬೇಡ ಎನ್ನಬೇಡಿ. ಆಪರೇಷನ್ ನಂತರ ದಿಢೀರನೆ ಸೋತ ಕಿಡ್ನಿಯ ಒಳಗಿನ ಜೀವಕೋಶಗಳು ಮತ್ತೆ ಬೆಳೆಯಬಲ್ಲವು, ಕೆಲವು ದಿನ ಅಥವಾ ವಾರಗಳ ಡಯಾಲಿಸಿಸ್‌ನ ನಂತರ ಅದರಿಂದ ಹೊರಬಂದವರು ಅನೇಕರು. ಹೀಗೆ ಪೆಟ್ಟು ತಿಂದು ಸುಧಾರಿಸಿದವರು ಮೂರು ತಿಂಗಳಿಗೆ ಕ್ರಿಯಾಟಿನಿನ್ ಜೊತೆ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಮಾಡಿಸಬೇಕು, ಎದೆಯ ಗಾಯ ಪೂರ್ತಿ ಒಣಗಿದ್ದರೂ ಸರಿ.